ಫ್ರೆಂಚಲ್ಲಿ 'ಪಾ' ಅಂದ್ರೆ ಹೆಜ್ಜೆ, ಅದೇ 'ಪಾ' ಅಂದ್ರೆ 'ಇಲ್ಲ' ಕೂಡ. ಇದು ಹೆಂಗಾಯ್ತು?

ತುಂಗಾತೀರ:

ಎಲ್ರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಬೆಂಗ್ಳೂರಲ್ಲಿ ಫ್ರೆಂಚ್ ಕ್ಲಾಸಿಗೆ ಹೋಗ್ತಿದೀನಿ, ಈಗ ಬಿ1 ಲೆವೆಲ್ಲಿಗೆ ಬಂದಿದೀನಿ. ಹೋದ ವಾರ ಒಂದು ಸಂಭಾಷಣೆ ಬರ್ಕೊಂಡು ಬನ್ನಿ ಅಂದಿದ್ರು, ಇಬ್ರು ಗೆಳತಿಯರು ತರಕಾರಿ ಮಾರ್ಕೆಟ್ಟಲ್ಲಿ ಸಿಕ್ಕಿ ಮಾತಾಡೋ ಥರದ್ದು. ಅದ್ರಲ್ಲಿ 'ನಂಗೊತ್ತಿಲ್ಲ' ಅನ್ನೋ ಕಡೆ ನಾನು 'ಜ ಸೆ ಪಾ' ಅಂತ ಬರೆದಿದ್ದೆ, ಯಾಕಂದ್ರೆ ನಮ್ಮಾಫೀಸಿನ ಫ್ರಾನ್ಸಿನ ಲಿಯೋನ್ ಟೀಮಿನವ್ರು ಫೋನ್ ಕಾಲಲ್ಲಿ ದಿನಾ ಹಂಗೇ ಅನ್ನೋದು, ಅದೂ 'ಜ' ಮತ್ತೆ 'ಸೆ' ಎರಡೂ ಸೇರ್ಕೊಂಡು 'ಶೆ ಪಾ' ಅಂತ್ಲೇ ಕೇಳ್ಸುತ್ತೆ. ಮೇಡಂ ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಮಧ್ಯ ಒಂದು 'ನ' ತೂರಿಸಿ 'ಜ ನ ಸೆ ಪಾ' ಅಂತ ತಿದ್ದಿ ಅರ್ಧ ಮಾರ್ಕ್ ತೆಗೆದ್ರು. ಮಾರ್ಕ್ ಹೋದ್ರೆ ಹೋಗ್ಲಿ, ಆದ್ರೆ ಅಲ್ಲಿಂದ ತಲೇಲಿ ಇದೇ ಕೊರೀತಿದೆ. ಅಷ್ಟು ಜನ ಫ್ರೆಂಚರು ದಿನಾ ಬಿಟ್ಟೇ ಮಾತಾಡೋ ಆ 'ನ' ನಿಜವಾಗ್ಲೂ ಬೇಕಾ?

ಮನೆಗೆ ಬಂದು ಡಿಕ್ಷನರಿ ತೆಗೆದ್ರೆ 'ಪಾ' ಅನ್ನೋದಕ್ಕೆ ಮೊದಲ್ನೇ ಅರ್ಥ ಹೆಜ್ಜೆ ಅಂತಿದೆ, ನಡೆಯುವಾಗ ಇಡ್ತೀವಲ್ಲ ಆ ಹೆಜ್ಜೆ. ಹೆಜ್ಜೆಗೂ ಇಲ್ಲ ಅನ್ನೋದಕ್ಕೂ ಏನು ಸಂಬಂಧ, ಕಾಗುಣಿತ ಅಕಸ್ಮಾತ್ ಒಂದೇ ಆಗಿರೋ ಎರಡು ಬೇರೆ ಪದಗಳಾ ಅಥವಾ ಒಂದೇ ಪದಾನಾ?

ಇನ್ನೊಂದು. ನಾನು ಓದಿದ ಸ್ಕೂಲಲ್ಲಿ ಬೆಳಗ್ಗೆ ಪ್ರಾರ್ಥನೆಗೆ ಹಳೇ ಇಂಗ್ಲಿಷ್ ಬೈಬಲ್ ಓದ್ತಿದ್ರು, ಅದ್ರಲ್ಲಿ 'ಐ ನೋ ನಾಟ್', 'ಜಡ್ಜ್ ನಾಟ್' ಅಂತೆಲ್ಲ ಬರ್ತಿತ್ತು. ಈಗ ಯಾರಾದ್ರೂ 'ಐ ನೋ ನಾಟ್' ಅಂದ್ರೆ ನಾಟಕದ ಡೈಲಾಗ್ ಹೇಳ್ದಂಗಿರುತ್ತೆ. ಈಗ 'ಐ ಡು ನಾಟ್ ನೋ' ಅಂತೀವಲ್ಲ, ಆ 'ಡು' ಎಲ್ಲಿಂದ ಬಂತು? 'ಇಲ್ಲ' ಅನ್ನೋದು ಯಾವ ಭಾಷೆಗಾದ್ರೂ ಎಲ್ಲಕ್ಕಿಂತ ಮುಖ್ಯವಾದ ಮಾತು ಅಲ್ವಾ, ಮಗು ಮೊದ್ಲು ಕಲಿಯೋ ಮಾತುಗಳಲ್ಲಿ ಅದೂ ಒಂದು, ಅದೇ ಇಷ್ಟು ಬದಲಾಗುತ್ತೆ ಅಂದ್ರೆ ನಂಗೆ ಆಶ್ಚರ್ಯ. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

---

ಓಲೆಗರಿ:

ತುಂಗಾತೀರ ಅವ್ರೇ, ಎರಡೂ ಒಂದೇ ಪದ. ಲ್ಯಾಟಿನ್ನಿನ 'ಪಾಸ್ಸುಸ್', ಅಂದ್ರೆ ಹೆಜ್ಜೆ, ಅದ್ರಿಂದ್ಲೇ ಎರಡೂ ಬಂದಿರೋದು.

ಇದು ಕನ್ನಡದವ್ರಿಗೆ ಅರ್ಥ ಆಗೋದು ಬಹಳ ಸುಲಭ ಅಂತ ನಂಗೆ ಯಾವಾಗ್ಲೂ ಅನ್ಸುತ್ತೆ, ಯಾಕಂದ್ರೆ ನಾವೂ ದಿನಾ ಇದನ್ನೇ ಮಾಡ್ತೀವಿ. ಸುಮ್ನೆ 'ಊಟ ಮಾಡಿಲ್ಲ' ಅಂದ್ರೆ ಒಂದು ಥರ, 'ಒಂದು ಅಗುಳೂ ತಿಂದಿಲ್ಲ' ಅಂದ್ರೆ ಇನ್ನೊಂದು ಥರ. 'ಒಂದು ಹನಿ ನೀರೂ ಕುಡಿದಿಲ್ಲ', 'ಬಿಡಿಗಾಸೂ ಕೊಟ್ಟಿಲ್ಲ', 'ಒಂದು ಹೆಜ್ಜೆನೂ ಮುಂದಿಡಲ್ಲ'. ಒತ್ತಿ ಹೇಳ್ಬೇಕಾದಾಗ ಆ ಕೆಲಸಕ್ಕೆ ಹೊಂದೋ ತೀರ ಚಿಕ್ಕ ಅಳತೆ ಒಂದನ್ನ ತಂದು ಇಡ್ತೀವಿ. ಹಳೇ ಫ್ರೆಂಚರು ಮಾಡಿದ್ದೂ ಅಷ್ಟೇ. ಆಗ 'ಇಲ್ಲ' ಅನ್ನೋದಕ್ಕೆ ಕ್ರಿಯಾಪದದ ಮುಂದೆ ಬರೀ 'ನ' ಸಾಕಿತ್ತು, 11-12ನೇ ಶತಮಾನದ ಬರಹಗಳಲ್ಲಿ ಹೆಚ್ಚಾಗಿ ಒಂಟಿ 'ನ' ಸಿಗುತ್ತೆ. ಒತ್ತಿ ಹೇಳೋವಾಗ ಮಾತ್ರ, ನಡೆಯೋ ವಿಷ್ಯಕ್ಕೆ 'ಪಾ' ಅಂದ್ರೆ ಹೆಜ್ಜೆ, ಕುಡಿಯೋದಕ್ಕೆ 'ಗುತ್' ಅಂದ್ರೆ ಹನಿ, ತಿನ್ನೋದಕ್ಕೆ 'ಮೀ' ಅಂದ್ರೆ ರೊಟ್ಟಿ ಚೂರು, ಇನ್ನು 'ಪ್ವ್ಯಾಂ' ಅಂದ್ರೆ ಚುಕ್ಕಿ, ಹಿಂಗೆ ಜೋಡಿಸ್ತಿದ್ರು. ಆಮೇಲೆ ಈ ಪದಗಳು ತಮ್ಮ ತಮ್ಮ ಕೆಲಸ ಬಿಟ್ಟು ಬೇರೆ ಕ್ರಿಯಾಪದಗಳ ಜೊತೆಗೂ ಸೇರೋಕೆ ಶುರುವಾದ್ವು. ಯಾರೋ 'ನಂಗೆ ಒಂದು ಹೆಜ್ಜೆನೂ ನಿದ್ದೆ ಬಂದಿಲ್ಲ' ಅಂದ ಹಾಗೆ ಯೋಚ್ನೆ ಮಾಡಿ. ನಿದ್ದೆಗೆಲ್ಲಿ ಹೆಜ್ಜೆ? ಯಾವತ್ತು ಜನಕ್ಕೆ ಅದು ವಿಚಿತ್ರ ಅನ್ಸೋದು ನಿಂತ್ಹೋಯ್ತೋ ಅವತ್ತು 'ಪಾ' ಒಳಗಿನ ಹೆಜ್ಜೆ ಅಳಿಸಿಹೋಗಿ ಬರೀ 'ಇಲ್ಲ' ಉಳೀತು. ಪೈಪೋಟಿಲಿ ಪಾ ಗೆದ್ದಿತು, ಪ್ವ್ಯಾಂ ಪುಸ್ತಕದ ಭಾಷೇಲಿ ಉಳ್ಕೊಂತು, ಮೀ ಬಹುಪಾಲು ಮರೆಯಾಯ್ತು, ಗುತ್ ಮಾತ್ರ 'ಏನೂ ಕಾಣ್ತಿಲ್ಲ' ಅನ್ನೋ ಒಂದು ನುಡಿಗಟ್ಟಲ್ಲಿ ಇವತ್ತಿಗೂ ಇದೆ, ಅಕ್ಷರಶಃ ಅದ್ರ ಅರ್ಥ 'ಒಂದು ಹನಿನೂ ಕಾಣಲ್ಲ'.

ಇನ್ನೂ ಹಿಂದಕ್ಕೆ ಹೋದ್ರೆ ಮತ್ತೂ ಚೆನ್ನಾಗಿದೆ. ಲ್ಯಾಟಿನ್ನಿನ 'ನೋನ್' ಇದ್ಯಲ್ಲ, ಅದೂ ಮೂಲದಲ್ಲಿ ಎರಡು ಪದ, 'ನೆ' ಅಂದ್ರೆ ಇಲ್ಲ, ಅದಕ್ಕೆ ಅಂಟಿದ 'ಓಯ್ನೊಮ್' ಅಂದ್ರೆ ಒಂದು. 'ಒಂದೂ ಇಲ್ಲ' ಅಂದಂಗೆ. ಅಂದ್ರೆ ಫ್ರೆಂಚ್ ಹುಟ್ಟೋಕೆ ಮುಂಚೇನೇ ಲ್ಯಾಟಿನ್ ಈ ಸುತ್ತನ್ನ ಒಂದ್ಸಲ ಹೊಡೆದು ಮುಗಿಸಿತ್ತು. ಆ 'ನೋನ್' ಸವೆದು ಸವೆದು ಫ್ರೆಂಚಲ್ಲಿ 'ನ' ಆಯ್ತು, ಅದಕ್ಕೆ ಆಸರೆಗೆ 'ಪಾ' ಬಂತು, ಆಮೇಲೆ ಆಸರೆ ಇಲ್ದೆ 'ನ' ನಿಲ್ಲೋಕೇ ಆಗದ ಸ್ಥಿತಿ ಬಂತು, ಈಗ ಆಡುಮಾತಲ್ಲಿ ಆಸರೆಗೆ ಬಂದೋನೇ ಮನೆ ಯಜಮಾನ. ನೀವು ಬರೆದ 'ಜ ಸೆ ಪಾ' ಈ ಕೊನೇ ಹಂತದ್ದು, ಸೋಮಾರಿತನದ್ದಲ್ಲ.

ಈ ಸುತ್ತಿಗೆ ಯೆಸ್ಪರ್ಸನ್ ಚಕ್ರ ಅಂತ ಹೆಸರು. ಓಟೋ ಯೆಸ್ಪರ್ಸನ್ ಅಂತ ಡೆನ್ಮಾರ್ಕಿನ ವಿದ್ವಾಂಸರು 1917ರಲ್ಲಿ ಇಂಗ್ಲಿಷ್ ಮತ್ತೆ ಬೇರೆ ಭಾಷೆಗಳಲ್ಲಿ ನಿಷೇಧದ, ಅಂದ್ರೆ 'ಇಲ್ಲ' ಅನ್ನೋದರ ಮೇಲೆ ಬರೆದ್ರು, ಅವ್ರ ಹೆಸರನ್ನ ಇದಕ್ಕೆ ಇಟ್ಟಿದ್ದು ಸ್ವೀಡನ್ನಿನ ಓಸ್ಟೆನ್ ಡಾಲ್, 1979ರಲ್ಲಿ. ಆದ್ರೆ ಹಳೇ ಈಜಿಪ್ಟಿನ ವಿಷ್ಯದ ವಿದ್ವಾಂಸ ಅಲನ್ ಗಾರ್ಡಿನರ್ ಅವ್ರು 1904ರಲ್ಲೇ ಹಳೇ ಈಜಿಪ್ಟಿನ ಭಾಷೆಗೂ ಫ್ರೆಂಚಿಗೂ ಇದೇ ಹೋಲಿಕೆ ತೋರಿಸಿದ್ರು, ಫ್ರಾನ್ಸಿನ ಆಂತ್ವಾನ್ ಮೇಯೆ 1912ರಲ್ಲಿ ಬರೆದಿದ್ರು. ಮೇಯೆಗೂ ಯೆಸ್ಪರ್ಸನ್ನಿಗೂ ಕಾರಣದಲ್ಲಿ ವ್ಯತ್ಯಾಸ ಇದೆ. ಯೆಸ್ಪರ್ಸನ್ ಪ್ರಕಾರ ಮೊದ್ಲು 'ನ' ಉಚ್ಚಾರಣೇಲಿ ಸೊರಗುತ್ತೆ, ಕೇಳ್ಸೋದೇ ಕಷ್ಟ ಆಗುತ್ತೆ, ಅದಕ್ಕೇ ಇನ್ನೊಂದು ಪದ ಸೇರಿಸ್ತಾರೆ. ಮೇಯೆ ಪ್ರಕಾರ ಜನಕ್ಕೆ ಒತ್ತಿ ಹೇಳೋ ಆಸೆ ಮೊದ್ಲು, ಒತ್ತಿದ್ದನ್ನೇ ಎಲ್ರೂ ದಿನಾ ಒತ್ತಿದ್ರೆ ಒತ್ತು ಸಪ್ಪೆಯಾಗುತ್ತೆ, ಮತ್ತೆ ಹೊಸದು ಬೇಕಾಗುತ್ತೆ. ನಂಗೆ ಮೇಯೆ ಮಾತೇ ಹೆಚ್ಚು ಸರಿ ಅನ್ಸುತ್ತೆ. ಬರೀ ಸಣ್ಣ ಪದ ಅನ್ನೋ ಕಾರಣಕ್ಕೆ ಬಿದ್ದುಹೋಗೋದಾದ್ರೆ ರಷ್ಯನ್ನಿನ 'ನೆ' ಎಂದೋ ಬಿದ್ದುಹೋಗ್ಬೇಕಿತ್ತು, ಅದು ಸಾವಿರ ವರ್ಷದಿಂದ ಕ್ರಿಯಾಪದದ ಮುಂದೆ ಒಂಟಿಯಾಗೇ ಗಟ್ಟಿಯಾಗಿ ನಿಂತಿದೆ.

ಅಂದ ಹಾಗೆ ಈ 'ನ' ನಮಗೇನೂ ಹೊಸಬ ಅಲ್ಲ. ಸಂಸ್ಕೃತದ 'ನ', ಲ್ಯಾಟಿನ್ 'ನೆ', ಹಳೇ ಇಂಗ್ಲಿಷಿನ 'ನೆ' ಎಲ್ಲ ಒಂದೇ ಬೇರಿನವು. ನಾವು 'ನಾಸ್ತಿ' ಅಂತೀವಲ್ಲ, ನ + ಅಸ್ತಿ. ಹಳೇ ಇಂಗ್ಲಿಷಲ್ಲಿ ಸಾಕ್ಷಾತ್ ಅದೇ ಜೋಡಣೆ ಇತ್ತು, ನೆ + ಇಸ್ ಸೇರಿ 'ನಿಸ್'. ಅರ್ಥನೂ ಅದೇ. ಮೊದಲ್ನೇ ಸಲ ಇದನ್ನ ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

---

ಮೈಸೂರ್_ಮಲ್ಲಿಗೆ_ಬಳ್ಳಿ:

ಮೈಸೂರಲ್ಲಿ ಹನ್ನೊಂದು ವರ್ಷದಿಂದ ಫ್ರೆಂಚ್ ಹೇಳ್ಕೊಡ್ತಿದೀನಿ, ಹಾಗಾಗಿ ಆ ಕೆಂಪು ಸುತ್ತು ಹಾಕಿದ ಮೇಡಂ ಪರವಾಗಿ ಎರಡು ಮಾತು ಹೇಳ್ತೀನಿ. ಓಲೆಗರಿ ಸರ್ ಹೇಳಿದ್ದೆಲ್ಲ ಸರಿ. ಆದ್ರೆ ತುಂಗಾತೀರ, 'ನ' ಬಿಡೋದನ್ನ ಕಲಿಯೋಕೆ ಯಾರೂ ಹೇಳ್ಕೊಡೋದು ಬೇಡಮ್ಮ, ಫ್ರಾನ್ಸಲ್ಲಿ ಆರು ತಿಂಗಳಿದ್ರೆ ತಾನಾಗೇ ಬರುತ್ತೆ. ಎಲ್ಲಿ ಇಟ್ಕೋಬೇಕು ಅನ್ನೋದು ತಾನಾಗೇ ಬರಲ್ಲ. ಅರ್ಜಿ, ಪ್ರಬಂಧ, ಆಫೀಸ್ ಮೇಲ್, ಪೇಪರ್ ಎಲ್ಲ ಕಡೆ ಇವತ್ತಿಗೂ 'ನ' ಇರ್ಲೇಬೇಕು. ಮಾರ್ಕೆಟ್ ಸಂಭಾಷಣೆ ಅಂದಾಗ ನಾನಾಗಿದ್ರೆ ಮಾರ್ಕ್ ಕಟ್ ಮಾಡ್ತಿರ್ಲಿಲ್ಲ, ಪಕ್ಕದಲ್ಲಿ 'ಆಡುಮಾತು' ಅಂತ ಬರೀತಿದ್ದೆ ಅಷ್ಟೇ.

ಇನ್ನು ಎಷ್ಟು ಬೇಗ ಹೋಗ್ತಿದೆ ಅನ್ನೋದಕ್ಕೆ ಒಂದು ಲೆಕ್ಕ ಇದೆ. ವಿಲಿಯಂ ಆಶ್ಬಿ ಅನ್ನೋ ಸಂಶೋಧಕರು ಫ್ರಾನ್ಸಿನ ತೂರ್ ಅನ್ನೋ ಊರಲ್ಲಿ 1976ರಲ್ಲಿ ಜನರ ಮಾತು ರೆಕಾರ್ಡ್ ಮಾಡಿದ್ರು, ನೂರು ನಿಷೇಧ ವಾಕ್ಯದಲ್ಲಿ ಸುಮಾರು 37ರಲ್ಲಿ 'ನ' ಇತ್ತು. ಅದೇ ಊರಿಗೆ 1995ರಲ್ಲಿ ಮತ್ತೆ ಹೋದ್ರೆ ಸುಮಾರು 18ಕ್ಕೆ ಇಳಿದಿತ್ತು. ಹತ್ತೊಂಬತ್ತೇ ವರ್ಷ! ತೂರ್ ಸುತ್ತಮುತ್ತಲ ಫ್ರೆಂಚ್ ಶುದ್ಧ ಅಂತ ಹೆಸರು ಪಡೆದಿರೋದು ಬೇರೆ. ಎಲ್ಲ ಕಡೆ ಒಂದೇ ಸಮ ಬಿಡೋದಿಲ್ಲ ಅನ್ನೋದನ್ನೂ ಗಮನಿಸಿ, 'ನಾನು, ನೀನು, ಅದು' ಥರ ಸರ್ವನಾಮ ಕರ್ತೃ ಆಗಿದ್ರೆ ಬೇಗ ಬೀಳುತ್ತೆ, 'ಮಕ್ಕಳು', 'ನಮ್ಮ ಪಕ್ಕದ ಮನೆಯವ್ರು' ಅಂತ ನಾಮಪದ ಬಂದ್ರೆ ಉಳಿಯೋದು ಜಾಸ್ತಿ.

ಕಿವಿಗೆ ಗೊತ್ತೇ ಆಗದ ಜಾಗಗಳೂ ಇವೆ. 'ಆನ್ ಆ ಪಾ' ಅಂದ್ರೆ 'ನಮ್ಮ ಹತ್ರ ಇಲ್ಲ', ಮಾತಾಡುವಾಗ 'ಆನ್'ನ ಕೊನೇ ನಕಾರ ಮುಂದಿನ ಸ್ವರಕ್ಕೆ ಹಾರಿ 'ಆನ್ನಾ ಪಾ' ಆಗುತ್ತೆ. ಮಧ್ಯ 'ನ' ಸೇರಿಸಿ ಹೇಳಿದ್ರೂ 'ಆನ್ನಾ ಪಾ'ನೇ. ಎರಡಕ್ಕೂ ಒಂದೇ ಸದ್ದು. ಉಕ್ತಲೇಖನ ಕೊಟ್ಟಾಗ ನನ್ನ ವಿದ್ಯಾರ್ಥಿಗಳು ಪ್ರತಿ ಸಲ ಜಾರಿ ಬೀಳೋದು ಇಲ್ಲೇ, ಫ್ರಾನ್ಸಿನ ಮಕ್ಕಳೂ ಇಲ್ಲೇ ತಪ್ಪು ಮಾಡ್ತಾರೆ.

ಮತ್ತೆ 'ಪ್ಲ್ಯೂ' ವಿಷ್ಯದಲ್ಲಿ ಹುಷಾರಾಗಿರಿ. ಮೂಲದಲ್ಲಿ ಅದ್ರ ಅರ್ಥ 'ಹೆಚ್ಚು'. 'ನ' ಜೊತೆ ಬಂದ್ರೆ 'ಇನ್ನು ಇಲ್ಲ, ಸಾಕು'. ಈಗ 'ನ' ಬಿದ್ದುಹೋಗಿರೋದ್ರಿಂದ 'ಇನ್ನೂ ಬೇಕು' ಮತ್ತೆ 'ಇನ್ನು ಬೇಡ' ಎರಡೂ ಬರವಣಿಗೇಲಿ ಒಂದೇ ಥರ ಕಾಣುತ್ತೆ. ಮಾತಲ್ಲಿ ಕೊನೇ ಸಕಾರ ಹೇಳಿ 'ಪ್ಲ್ಯೂಸ್' ಅಂದ್ರೆ ಬೇಕು, ಸಕಾರ ನುಂಗಿ 'ಪ್ಲ್ಯೂ' ಅಂದ್ರೆ ಬೇಡ. ಒಂದು ಅಕ್ಷರದ ಮೇಲೆ ತಟ್ಟೆಗೆ ಊಟ ಬೀಳೋದು ಬಿಡೋದು ನಿಂತಿದೆ.

---

ತುಂಗಾತೀರ:

ಮೇಡಂ, ಓಲೆಗರಿ ಸರ್, ಇಬ್ರಿಗೂ ತುಂಬಾ ಥ್ಯಾಂಕ್ಸ್. 'ಒಂದು ಹೆಜ್ಜೆನೂ ನಿದ್ದೆ ಬಂದಿಲ್ಲ' ಅನ್ನೋದು ಇನ್ನು ಜನ್ಮದಲ್ಲಿ ಮರೆಯಲ್ಲ. ಇಂಗ್ಲಿಷಿನ 'ಡು' ವಿಷ್ಯ ಯಾರಾದ್ರೂ ಹೇಳ್ತೀರಾ? ಹಂಗೇ ಇನ್ನೊಂದು, ಡಬಲ್ ನೆಗೆಟಿವ್, ಅಂದ್ರೆ ಒಂದೇ ವಾಕ್ಯದಲ್ಲಿ ಎರಡು 'ಇಲ್ಲ' ಹಾಕೋದು, ಓದು ಬರಹ ಬಾರದವರ ಇಂಗ್ಲಿಷ್ ಅಂತ ನಮಗೆ ಸ್ಕೂಲಲ್ಲಿ ಹೇಳಿದ್ರು. ಆದ್ರೆ 'ನ' 'ಪಾ' ಎರಡೂ ಇಲ್ಲ ಅನ್ನೋದೇ ಆದ್ರೆ ಫ್ರೆಂಚ್ ವ್ಯಾಕರಣದ ಪುಸ್ತಕದ ತುಂಬ ಡಬಲ್ ನೆಗೆಟಿವ್ವೇ ಇದ್ಯಲ್ಲ?

---

ಕಾಫಿತೋಟ:

ಇಂಗ್ಲಿಷ್ ಬಗ್ಗೆ ನಾನು ಹೇಳ್ತೀನಿ, ಎಂಎ ಮಾಡುವಾಗ ಇದೇ ನನ್ನ ಇಷ್ಟದ ವಿಷ್ಯ ಆಗಿತ್ತು, ಆಮೇಲೆ ಊರಿಗೆ ವಾಪಸ್ ಬಂದು ತೋಟ ನೋಡ್ಕೊಂಡಿದ್ರೂ ಓದೋದು ಬಿಟ್ಟಿಲ್ಲ.

ಯೆಸ್ಪರ್ಸನ್ ಅವ್ರೇ ಕೊಟ್ಟ ಸಾಲು ಹಿಂಗಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲಿ 'ನಾನು ಹೇಳಲ್ಲ' ಅಂದ್ರೆ 'ಇಚ್ ನೆ ಸೆಜ್ಜೆ'. ಚಾಸರ್ ಅನ್ನೋ ಇಂಗ್ಲಿಷ್ ಕವಿಯ ಕಾಲಕ್ಕೆ ಅಂದ್ರೆ 14ನೇ ಶತಮಾನಕ್ಕೆ 'ನೆ' ಮುಂದೆ, 'ನಾಟ್' ಹಿಂದೆ, 'ಈ ನೆ ಸೆಯೆ ನಾಟ್'. ನಿಮ್ಮ ಫ್ರೆಂಚ್ ಕ್ಲಾಸಿನ 'ನ... ಪಾ' ತದ್ರೂಪ. ಆಮೇಲೆ 'ನೆ' ಉದುರಿ 'ಐ ಸೇ ನಾಟ್', ನೀವು ಪ್ರಾರ್ಥನೇಲಿ ಕೇಳಿದ್ದು ಈ ಹಂತದ್ದು, ಆ ಬೈಬಲ್ ಅನುವಾದ 1611ರದ್ದು. ಆಮೇಲೆ 'ಐ ಡು ನಾಟ್ ಸೇ', ಕೊನೇಗೆ 'ಐ ಡೋಂಟ್ ಸೇ'. ಫ್ರೆಂಚರು ಈಗ ದಾಟ್ತಿರೋ ಹೊಳೇನ ಇಂಗ್ಲಿಷಿನವ್ರು ಐನೂರು ವರ್ಷದ ಹಿಂದೆನೇ ದಾಟಿದ್ರು.

'ನಾಟ್' ಎಲ್ಲಿಂದ ಬಂತು ಅಂತ ನೋಡಿದ್ರೆ ಅದೂ ಹೆಜ್ಜೆ ಕಥೆಯ ತಮ್ಮನೇ. ಹಳೇ ಇಂಗ್ಲಿಷಲ್ಲಿ 'ವಿಹ್ಟ್' ಅಂದ್ರೆ ವಸ್ತು, ಜೀವಿ. ಅದಕ್ಕೆ 'ನಾ' ಸೇರಿ 'ನಾವಿಹ್ಟ್', ಏನೂ ಇಲ್ಲ ಅಂತ. ಸವೆದು 'ನಾಟ್'. 'ನಾಟ್ ಎ ವಿಟ್' ಅಂತ ಈಗ್ಲೂ ಹೇಳ್ತಾರಲ್ಲ, 'ಎಳ್ಳಷ್ಟೂ ಇಲ್ಲ' ಅನ್ನೋ ಅರ್ಥಕ್ಕೆ, ಆ 'ವಿಟ್' ಕೂಡ ಇದೇ 'ವಿಹ್ಟ್', ಅಂದ್ರೆ ಆ ಮೂರು ಪದದಲ್ಲಿ ಒಂದೇ ಪದ ಎರಡು ಸಲ ಇದೆ, ಒಂದು ಗುರುತು ಸಿಗದಷ್ಟು ಸವೆದಿದೆ, ಇನ್ನೊಂದು ಸವೆದಿಲ್ಲ. ಹಳೇ 'ನೆ' ಪೂರ್ತಿ ಸತ್ತಿಲ್ಲ ಕೂಡ. ನೆವರ್, ನನ್, ನಾರ್, ನೈದರ್ ಇವುಗಳ ತಲೇಲಿ ಇರೋ ನಕಾರ ಅದೇ. 'ವಿಲ್ಲಿ ನಿಲ್ಲಿ'ಯ 'ನಿಲ್ಲಿ' ಕೂಡ, ನೆ + ವಿಲ್.

ಇನ್ನು 'ಡು'. ಅದು ನಿಷೇಧಕ್ಕೋಸ್ಕರ ಹುಟ್ಟಿದ್ದಲ್ಲ. 16ನೇ ಶತಮಾನದಲ್ಲಿ ಸುಮ್ನೆ ಹೌದು ಅನ್ನೋ ವಾಕ್ಯದಲ್ಲೂ 'ಐ ಡು ಸೇ' ಅಂತ ಒತ್ತಿಲ್ದೇ ಹೇಳ್ತಿದ್ರು. ಹೌದು ವಾಕ್ಯದಿಂದ ನಿಧಾನಕ್ಕೆ ಹಿಂದೆ ಸರೀತು, ಪ್ರಶ್ನೆಲಿ ಮತ್ತೆ ನಿಷೇಧದಲ್ಲಿ ಗಟ್ಟಿಯಾಗಿ ಬೇರು ಬಿಡ್ತು. ಎಲ್ಲ ಕ್ರಿಯಾಪದಗಳೂ ಒಟ್ಟಿಗೆ ಬದಲಾಗ್ಲಿಲ್ಲ, 'ನೋ' ಅಂದ್ರೆ ತಿಳಿ, 'ಡೌಟ್', 'ಕೇರ್' ಇಂಥ ದಿನಬಳಕೆ ಪದಗಳು ಕೊನೇವರೆಗೂ ಹಠ ಹಿಡಿದ್ವು, ಅದಕ್ಕೇ ನಮ್ಮ ಕಿವೀಲಿ 'ಐ ನೋ ನಾಟ್' ಇನ್ನೂ ಉಳಿದಿರೋದು. ಕೆನಡಿ 1961ರಲ್ಲಿ ಅಧ್ಯಕ್ಷರಾದಾಗ 'ಆಸ್ಕ್ ನಾಟ್' ಅಂತ ಶುರು ಮಾಡಿದ ಮಾತು ಜನಕ್ಕೆ ಅಷ್ಟು ನಾಟಿದ್ದಕ್ಕೆ ಆ ಹಳೇ ಜೋಡಣೆಯ ಗಾಂಭೀರ್ಯನೂ ಒಂದು ಕಾರಣ ಅನ್ನೋದು ನನ್ನ ಅನಿಸಿಕೆ.

ಡಬಲ್ ನೆಗೆಟಿವ್ ಬಗ್ಗೆ ನಿಮಗೆ ಸ್ಕೂಲಲ್ಲಿ ಹೇಳಿದ್ದು ಅನ್ಯಾಯದ ಮಾತು. ಚಾಸರ್ ತನ್ನ ಕಥೆಯ ನೈಟ್ ಅನ್ನೋ ವೀರನನ್ನ ಹೊಗಳುವಾಗ, ಇವನು ಜೀವಮಾನದಲ್ಲಿ ಯಾರಿಗೂ ಯಾವತ್ತೂ ಒಂದು ಕೆಟ್ಟ ಮಾತೂ ಆಡಿಲ್ಲ ಅಂತ ಹೇಳೋಕೆ ಒಂದೇ ವಾಕ್ಯದಲ್ಲಿ ನೆವರ್, ನೋ, ನೆ, ಮತ್ತೆ ಇನ್ನೊಂದು ನೋ, ನಾಲ್ಕು ನಿಷೇಧ ಹಾಕಿದಾನೆ. ನಾಲ್ಕೂ ಒಂದನ್ನೊಂದು ಹೊಡೆದುಹಾಕಲ್ಲ, ಒಟ್ಟಿಗೆ ನಿಂತು ಒಂದೇ ಮಾತು ಗಟ್ಟಿ ಮಾಡ್ತವೆ. ರಾಬರ್ಟ್ ಲೌತ್ ಅನ್ನೋ ಬಿಷಪ್ಪರ 1760ರ ದಶಕದ ವ್ಯಾಕರಣ ಪುಸ್ತಕದಲ್ಲಿ ಎರಡು ನಿಷೇಧ ಸೇರಿದ್ರೆ ಹೌದು ಆಗುತ್ತೆ ಅನ್ನೋ ನಿಯಮ ಬಂತು, ಗಣಿತದಲ್ಲಿ ಮೈನಸ್ ಇಂಟು ಮೈನಸ್ ಪ್ಲಸ್ ಅನ್ನೋ ಥರ. ಎಲ್ಲ ಅವ್ರಿಂದ್ಲೇ ಆಯ್ತು ಅಂತ ಬಹಳ ಜನ ಬರೀತಾರೆ, ಅದು ಪೂರ್ತಿ ಸರಿಯಲ್ಲ, ಓದಿದವರ ಬರಹದಿಂದ ಡಬಲ್ ನೆಗೆಟಿವ್ 17ನೇ ಶತಮಾನದಲ್ಲೇ ಹೆಚ್ಚುಕಮ್ಮಿ ಮಾಯ ಆಗಿತ್ತು, ಲೌತ್ ಅದಕ್ಕೆ ಮುದ್ರೆ ಒತ್ತಿದ್ರು. ಲಂಡನ್ನಿನ ದುಡಿಯೋ ಜನರ ಮಾತಲ್ಲಿ, ಅಮೆರಿಕದ ಕಪ್ಪು ಜನರ ಮಾತಲ್ಲಿ 'ಐ ಏಂಟ್ ಗಾಟ್ ನೋ ಮನಿ' ಇವತ್ತಿಗೂ ಇದೆ. ಅದನ್ನ ತಪ್ಪು ಅಂತ ನಗೋರು ಚಾಸರ್‌ಗೂ ನಗ್ಬೇಕಾಗುತ್ತೆ.

ಇಂಗ್ಲಿಷಲ್ಲಿ ಚಕ್ರ ನಿಂತಿದೆ ಅಂತ ತಿಳ್ಕೋಬೇಡಿ. ಎರಡು ವರ್ಷದ ಹಿಂದೆ ಅಮೆರಿಕದ ಒಬ್ರು ಖರೀದಿದಾರರು ಫೋನಲ್ಲಿ ನಮ್ಮ ಕಾಫಿಯ ಎರಡನೇ ಲಾಟ್ ಬಗ್ಗೆ ಮಾತಾಡಿದ್ರು, ನಂಗೆ ಕೇಳ್ಸಿದ್ದು 'ವಿ ಕ್ಯಾನ್ ಟೇಕ್ ಇಟ್' ಅಂತ. ಕಾಫಿ ಬೀಜ ಹದ ಮಾಡೋ ಕ್ಯೂರಿಂಗ್ ವರ್ಕ್ಸಿಗೆ ಫೋನ್ ಮಾಡಿ ಚೀಲ ರೆಡಿ ಮಾಡ್ಸಿಟ್ಟೆ. ಸಂಜೆ ಮೇಲ್ ಬಂತು, 'ಕೆನಾಟ್' ಅಂತ ಪೂರ್ತಿ ಅಕ್ಷರದಲ್ಲಿ. ಅವ್ರು 'ಕ್ಯಾಂಟ್' ಅಂದಿದ್ರು, ಕೊನೇ ಟಕಾರ ಮುಂದಿನ 'ಟೇಕ್'ನ ಟಕಾರದಲ್ಲಿ ಮುಳುಗಿತ್ತು. ಕ್ಯಾನ್ ಅನ್ನೋದನ್ನ ಅವ್ರು 'ಕ್‌ನ್' ಅಂತ ತೇಲಿಸಿಬಿಡ್ತಾರೆ, ಸ್ವರ ಪೂರ್ತಿ ಕೇಳ್ಸಿದ್ರೆ ಅದು ಕ್ಯಾಂಟ್ ಅಂತ ನಂಗೆ ಆಮೇಲೆ ಗೊತ್ತಾಗಿದ್ದು. ಸಾವಿರ ವರ್ಷದ ಹಿಂದೆ 'ನೆ'ಗೆ ಆಗಿದ್ದು ಈಗ 'ಟ್'ಗೆ ಆಗ್ತಿದೆ ಅಂತ ಅವತ್ತು ಗೋದಾಮಿನ ಮುಂದೆ ನಿಂತ್ಕೊಂಡು ಯೋಚ್ನೆ ಮಾಡಿದೆ.

---

ಹಿಮದೂರು:

ನಾವು ಕೆನಡಾದ ಮಾಂಟ್ರಿಯಲ್ಲಲ್ಲಿದೀವಿ, ಎಂಟು ವರ್ಷ ಆಯ್ತು. ಮೈಸೂರಿನ ಮೇಡಂ ತೂರ್ ಲೆಕ್ಕ ಕೊಟ್ರಲ್ಲ, ಇಲ್ಲಿಯ ಲೆಕ್ಕ ಕೇಳಿ. ಇಲ್ಲಿ 1971ರಲ್ಲಿ ಸಂಗ್ರಹಿಸಿದ ಮಾತುಗಳಲ್ಲಿ 'ನ' ಉಳಿದಿದ್ದು ನೂರಕ್ಕೆ ಅರ್ಧ, ಅಂದ್ರೆ ಇನ್ನೂರು ವಾಕ್ಯಕ್ಕೆ ಒಂದು. ಐವತ್ತು ವರ್ಷದ ಹಿಂದೆನೇ ಇಲ್ಲಿ ಕೆಲಸ ಮುಗಿದಿತ್ತು.

ಇಲ್ಲಿ ವಲಸೆ ಬಂದವರ ಮಕ್ಕಳು ಫ್ರೆಂಚ್ ಸ್ಕೂಲಿಗೇ ಹೋಗ್ಬೇಕು ಅಂತ 1977ರಿಂದ ಕಾನೂನಿದೆ, ಹಾಗಾಗಿ ನನ್ನ ಮಗಳು ಕಿಂಡರ್‌ಗಾರ್ಟನ್ನಿಂದ್ಲೂ ಫ್ರೆಂಚಲ್ಲೇ ಓದ್ತಿದಾಳೆ. ಎರಡನೇ ಕ್ಲಾಸಲ್ಲಿ ಒಂದಿನ ಉಕ್ತಲೇಖನದ ಪುಸ್ತಕ ಹಿಡ್ಕೊಂಡು ಬಂದು 'ಅಪ್ಪಾ, ಬರೆಯೋವಾಗ ಮಾತ್ರ ಯಾಕೆ ಒಂದು ನ ಜಾಸ್ತಿ ಹಾಕ್ಬೇಕು?' ಅಂದ್ಳು. ಅವಳಿಗೆ 'ನ' ಅನ್ನೋದು ಬಾಯಿಂದ ಬಂದ ಪದವೇ ಅಲ್ಲ, ಕಾಗುಣಿತದ ಥರ, ಪೇಪರ್ ಮೇಲೆ ಮಾತ್ರ ಇರೋದು. ನಾವು ದೊಡ್ಡೋರಾದ್ಮೇಲೆ ಪುಸ್ತಕದಿಂದ ಕಲಿತವ್ರು, ನಮಗೆ 'ನ' ಮೊದ್ಲು, ಬಿಡೋದು ಆಮೇಲೆ. ಅವಳಿಗೆ ಉಲ್ಟಾ.

ಇನ್ನೊಂದು ಹೇಳ್ಲೇಬೇಕು. ಇಲ್ಲಿ ಒತ್ತಿ ಹೇಳೋಕೆ 'ಪಾ ಪಾಂತುತ್' ಅಂತಾರೆ, 'ಎಳ್ಳಷ್ಟೂ ಇಲ್ಲ' ಅಂತ. ಮೂಲದಲ್ಲಿ ಅದು 'ಪಾ ಆಂ ತು', 'ಒಟ್ಟಾರೆ ಇಲ್ಲ', ಪಾ ಅನ್ನೋದರ ಪಕಾರ ಅಂಟ್ಕೊಂಡು ಒಂದೇ ಪದ ಆಗಿ, ಅದ್ರ ಮುಂದೆ ಮತ್ತೊಂದು ಪಾ ಬಂದಿದೆ. ಈಗ ಏನಾಗಿದೆ ಅಂದ್ರೆ 'ಸುಸ್ತಾಯ್ತಾ?' ಅಂತ ಕೇಳಿದ್ರೆ ಬರೀ 'ಪಾಂತುತ್' ಅಂತ ಉತ್ತರ ಬರುತ್ತೆ, ಪಾ ಇಲ್ದೇನೇ. ಮೇಲೆ ಓಲೆಗರಿ ಸರ್ ಹೇಳಿದ್ರಲ್ಲ ಒತ್ತಿದ್ದು ಸಪ್ಪೆಯಾದ್ರೆ ಹೊಸದು ಬೇಕು ಅಂತ, ಆ ಹೊಸ ಗಿಡ ನಮ್ಮ ಬೀದೀಲೇ ಚಿಗುರ್ತಿದೆ. ಇಲ್ಲಿ ನಮ್ಮ ಕೆಳಗಿನ ಮನೇಲಿ ಹೈತಿಯವ್ರಿದ್ದಾರೆ, ಅವ್ರ ಕ್ರಿಯೋಲಲ್ಲಿ, ಅಂದ್ರೆ ಫ್ರೆಂಚಿಂದ ಬೆಳೆದ ಅವ್ರ ಭಾಷೇಲಿ, 'ನಂಗೊತ್ತಿಲ್ಲ' ಅಂದ್ರೆ 'ಮ್ವೆನ್ ಪಾ ಕೊನೆನ್'. ನೋಡಿ, ಪಾ ಕ್ರಿಯಾಪದದ ಮುಂದಕ್ಕೆ ಹೋಗಿ ಕೂತಿದೆ, ಹಳೇ 'ನ' ಇದ್ದ ಜಾಗಕ್ಕೇ.

---

ಕೆಂಪುಮಣ್ಣು:

ನಮಸ್ಕಾರ್ರಿ ಎಲ್ಲಾರಿಗೂ. ನಾ ಹುಬ್ಬಳ್ಳಿ ಕಡೆಯವ, ಹೈಸ್ಕೂಲಿನ್ಯಾಗ ಕನ್ನಡ ಕಲಸ್ತೀನಿ. ಇಂಗ್ಲಿಷ್ ಫ್ರೆಂಚ್ ಕತಿ ಓದಿ ಭಾಳ ಖುಷಿ ಆತು, ನಮ್ಮ ಕನ್ನಡದ್ದು ಒಂದೀಟು ಹೇಳ್ತೀನಿ, ಯಾಕಂದ್ರ ಹೋಲಿಸಿ ನೋಡಿದ್ರ ಅದರ ವ್ಯತ್ಯಾಸ ಇನ್ನೂ ಚೊಲೋ ತಿಳಿತೈತಿ.

ಎಲ್ಲಾರೂ ಸಾಲ್ಯಾಗ ನಿಷೇಧಾರ್ಥಕ ರೂಪ ಓದಿರ್ತೀರಿ. ಮಾಡನು, ಮಾಡಳು, ಮಾಡರು, ಮಾಡೆನು. ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡು ಬಿಟ್ಟಿರ್ತೀವಿ. ಖರೇ ಅಂದ್ರ ಅದನ್ನ ಬಿಚ್ಚಿ ನೋಡ್ರಿ. ಮಾಡಿದನು ಅಂದ್ರ ನಡುವ 'ದ' ಐತಿ, ಮಾಡುವನು ಅಂದ್ರ 'ವ' ಐತಿ, ಮಾಡನು ಅಂದ್ರ ನಡುವ ಏನೂ ಇಲ್ಲ! ಕಾಲ ಹೇಳೂ ಅಕ್ಷರ ಇಲ್ಲದ್ದ ನಿಷೇಧ. 'ಇಲ್ಲ' ಅನ್ನೂ ಪದ ಇಲ್ಲದ 'ಇಲ್ಲ' ಅನ್ನೂದು, ಇಂಥಾದ್ದು ಜಗತ್ತಿನ್ಯಾಗ ಭಾಳ ಕಡಿಮಿ. ಪ್ರತಿ ವರ್ಷ ಇದನ್ನ ಕಲಸೂವಾಗ ಹುಡುಗರಿಗೆ ಕರಿ ಹಲಗಿ ಮ್ಯಾಲೆ ಆ ಖಾಲಿ ಜಾಗಕ್ಕ ಒಂದು ಚೌಕ ಬರದು ತೋರಸ್ತೀನಿ.

ಆದ್ರ ಅದರಾಗ ಒಂದು ತೊಂದ್ರಿ, ಮಾಡನು ಅಂದ್ರ ನಿನ್ನೆ ಮಾಡಲಿಲ್ಲೋ ನಾಳೆ ಮಾಡೂದಿಲ್ಲೋ ಅನ್ನೂದು ತಿಳಿಯೂದಿಲ್ಲ. ಅದಕ್ಕ ಮಾಡಲಿಲ್ಲ, ಮಾಡುವುದಿಲ್ಲ ಬಂದು ಅದರ ಜಾಗಾ ತಗೊಂಡವು ಅಂತ ನನಗ ಅನಸ್ತೈತಿ. ಮಾಡುವುದು + ಇಲ್ಲ, ಅಂದ್ರ 'ಮಾಡೂ ಕೆಲಸ ಅನ್ನೂದು ಇಲ್ಲ'. ಮನ್ಯಾಗ ಹಾಲು ಇಲ್ಲ ಅಂತೀವಲ್ಲ, ಆ 'ಇಲ್ಲ'ನ ಇಲ್ಲಿ ಬಂದು ಕುಂತೈತಿ. ಹಿಂಗಾಗಿ ಇದು ಯೆಸ್ಪರ್ಸನ್ ಚಕ್ರ ಅಲ್ಲ. 'ಇರೂದಿಲ್ಲ' ಅನ್ನೂ ಪದ ಬಂದು ಎಲ್ಲಾ ಕ್ರಿಯಾಪದಕ್ಕೂ ನಿಷೇಧ ಆಗೂದಕ್ಕ ಕ್ರಾಫ್ಟ್ ಚಕ್ರ ಅಂತ ಬ್ಯಾರೆ ಹೆಸರೈತಿ, ವಿಲಿಯಂ ಕ್ರಾಫ್ಟ್ ಅನ್ನೂ ಭಾಷಾ ವಿದ್ವಾಂಸರು 1991ರಾಗ ಬರದದ್ದು. ಹಳೇ ರೂಪ ಪೂರ್ತಿ ಹೋಗಿಲ್ಲ. ಬಾರದು, ಕೂಡದು, ಸಾಲದು, ಮಾಡಲಾರೆ ಎ‌ಲ್ಲಾ ಅವ. ನಮ್ಮ ಕಡೆ ಇನ್ನೊಂದ್ ರೊಟ್ಟಿ ಹಾಕೂಕ ಬಂದ್ರ 'ಒಲ್ಲೆ' ಅಂತೀವಿ, ಅದೂ ಅದ. ಇತ್ತ ಮಾಡುವುದಿಲ್ಲ ಅನ್ನೂದೂ ಸವೀಲಿಕ್ಕ ಹತ್ತೈತಿ. ಬೆಂಗಳೂರಿನ್ಯಾಗ ಮಾಡಲ್ಲ, ನಮ್ಮಲ್ಲಿ ಮಾಡಂಗಿಲ್ಲ. ಉತ್ತರಪತ್ರಿಕಿಯೊಳಗ 'ಮಾಡಲ್ಲ' ಬರದ್ರ ನಾನೂ ಕೆಂಪು ಸುತ್ತು ಹಾಕ್ತೀನ್ರಿ, ತುಂಗಾತೀರ ತಂಗಿ. ಇನ್ನ ಮ್ಯಾಲೆ ಮಾರ್ಕ್ಸ್ ಕಡಿಯೂ ಮುಂದ ಎರಡು ಸಲ ವಿಚಾರ ಮಾಡ್ತೀನಿ.

ಡಬಲ್ ನೆಗೆಟಿವ್ ಮಾತು ಬಂತಲ್ಲ. ಕನ್ನಡದಾಗ ಎರಡು ನಿಷೇಧ ಒಂದಕ್ಕೊಂದು ಹೊಡದ ಹಾಕ್ತಾವು, 'ಬರದ ಇರೂದಿಲ್ಲ' ಅಂದ್ರ ಖಂಡಿತ ಬರ್ತಾನ. ಯಾರೂ, ಏನೂ, ಎಲ್ಲೂ ಅನ್ನೂ ಪದಗಳು ನಿಷೇಧ ಅಲ್ಲ, ಇಲ್ಲ ಬಂದ್ರ ಮಾತ್ರ ಅವಕ್ಕ ಆ ಅರ್ಥ. 'ಯಾರು ಬಂದಿದ್ರು?' ಅಂದ್ರ ಬರೇ 'ಯಾರೂ' ಅಂತ ಉತ್ತರ ಕೊಡಾಕ ಬರೂದಿಲ್ಲ, 'ಯಾರೂ ಇಲ್ಲ' ಅನ್ನಬೇಕು. ಫ್ರೆಂಚಿನ್ಯಾಗ ಹ್ಯಾಂಗೈತಿ, ಮೇಡಂ?

---

ಮೈಸೂರ್_ಮಲ್ಲಿಗೆ_ಬಳ್ಳಿ:

ಎಂಥ ಒಳ್ಳೇ ಪ್ರಶ್ನೆ ಸರ್. ಫ್ರೆಂಚಲ್ಲಿ 'ಪೆರ್ಸೋನ್' ಅಂದ್ರೆ ವ್ಯಕ್ತಿ, 'ನ' ಜೊತೆ ಬಂದ್ರೆ 'ಯಾರೂ ಇಲ್ಲ'. ನೂರಾರು ವರ್ಷ ಆ 'ನ' ಪಕ್ಕದಲ್ಲಿದ್ದು ಇದ್ದು ಈಗ ಯಾರು ಬಂದಿದ್ರು ಅಂದ್ರೆ ಬರೀ 'ಪೆರ್ಸೋನ್' ಅಂದ್ರೆ ಸಾಕು, 'ಯಾರೂ ಇಲ್ಲ' ಅಂತ ಅರ್ಥ. 'ರಿಯಾಂ' ಕೂಡ ಹಂಗೇ, ಲ್ಯಾಟಿನ್ನಲ್ಲಿ ಅದು 'ವಸ್ತು', ಈಗ 'ಏನೂ ಇಲ್ಲ'. ನಮ್ಮ 'ಯಾರೂ' ಇನ್ನೂ 'ಇಲ್ಲ'ದ ಕೈ ಬಿಟ್ಟಿಲ್ಲ, ಅವ್ರದ್ದು ಬಿಟ್ಟು ಒಂಟಿಯಾಗಿ ಓಡಾಡ್ತಿದೆ.

---

ತುಂಗಾತೀರ:

ಇಷ್ಟೆಲ್ಲ ಓದಿದ್ಮೇಲೆ ಇವತ್ತು ಆಫೀಸಲ್ಲಿ ಒಂದು ಕೆಲಸ ಮಾಡಿದೆ. ಲಿಯೋನಿನ ನನ್ನ ಸಹೋದ್ಯೋಗಿ ಬೆಳಗ್ಗೆ ಮೀಟಿಂಗಿಗೆ ಬರೋಕಾಗಲ್ಲ ಅಂತ ಎಲ್ರಿಗೂ ಮೇಲ್ ಹಾಕಿದ್ಳು, 'ಜ ನ ಪ ಪಾ', ಅಂದ್ರೆ ನನ್ನಿಂದಾಗಲ್ಲ, 'ನ' ನೀಟಾಗಿ ಇತ್ತು. ಹತ್ತು ನಿಮಿಷ ಬಿಟ್ಟು ನಂಗೊಬ್ಳಿಗೆ ಚಾಟಲ್ಲಿ ಅದೇ ಮಾತು ಬರೆದ್ಳು, 'ಜ ಪ ಪಾ', ಮಗಳಿಗೆ ಜ್ವರ ಅಂತೆ. ಎರಡನ್ನೂ ಅಕ್ಕಪಕ್ಕ ಇಟ್ಕೊಂಡು ನೋಡಿದೆ. ನಿನ್ನ ಮೇಲಲ್ಲಿ 'ನ' ಇದೆ, ಚಾಟಲ್ಲಿ ಇಲ್ಲ, ಗೊತ್ತಾಯ್ತಾ ಅಂತ ಕೇಳಿದ್ರೆ ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, ಹೌದಾ, ನಾನು ನೋಡೇ ಇರ್ಲಿಲ್ಲ ಅಂದ್ಳು. ಎರಡರ ಸ್ಕ್ರೀನ್‌ಶಾಟ್ ಶನಿವಾರ ಕ್ಲಾಸಿಗೆ ತಗೊಂಡು ಹೋಗಿ ನಮ್ಮ ಮೇಡಂಗೆ ತೋರಿಸ್ತೀನಿ.